ನಮ್ಮ ನಕಲು, ಅವರ ಬೀರು
(ಗುತ್ತಿಗೆ ಕೆಲಸಗಾರರ ಸಭೆಯೊಂದರಲ್ಲಿ ಆಡಿದ ಮಾತು)



ಇವತ್ತು ನಾವು ಮಾತಾಡಬೇಕಾಗಿರೋದು ಒಂದು ಜೆರಾಕ್ಸ್ ಹಾಳೆಯ ವಿಷಯ. ಕೆಲಸ ಕೇಳಿಕೊಂಡು ಹೋದರೆ ಮೇಸ್ತ್ರಿ ಈಗ ಮೊದಲು ನಮ್ಮ ಕೈ ನೋಡಲ್ಲ, ಕೈಯಲ್ಲಿರೋ ಕಾಗದ ನೋಡ್ತಾನೆ. ಆಧಾರ್ ತಂದಿದ್ದೀಯಾ? ಪ್ಯಾನ್ ಎಲ್ಲಿ? ಪಾಸ್‌ಬುಕ್ ಎಲ್ಲಿ? ರೇಷನ್ ಕಾರ್ಡು? ಎರಡು ಫೋಟೋ? ಬೀದಿ ಗುಡಿಸೋಕೂ ಇದೇ ಪಟ್ಟಿ, ಗಾರ್ಮೆಂಟ್ಸಿನಲ್ಲಿ ಗುಂಡಿ ಹಾಕೋಕೂ ಇದೇ ಪಟ್ಟಿ, ಅಪಾರ್ಟ್‌ಮೆಂಟಿನ ಗೇಟು ಕಾಯೋಕೂ, ಇನ್ನೊಬ್ಬರ ಮನೆಯ ಮುಸುರೆ ತಿಕ್ಕೋಕೂ ಇದೇ ಪಟ್ಟಿ. ನಾವು ಕೊಡ್ತೀವಿ. ಯಾಕೆ ಅಂತ ಕೇಳಲ್ಲ. ಕೇಳಿದರೆ ನಮ್ಮ ಹಿಂದೆ ನಿಂತವನಿಗೆ ಆ ಕೆಲಸ ಹೋಗುತ್ತೆ ಅಂತ ನಮಗೆ ಗೊತ್ತು.

ನಮ್ಮ ಜನಕ್ಕೂ ಕಾಗದಕ್ಕೂ ಇರುವ ಸಂಬಂಧ ಬಹಳ ಹಳೆಯದು. ಅಕ್ಷರ ನಮ್ಮ ಕೇರಿಗೆ ಬರುವ ಮುಂಚೆಯೇ ಕಾಗದ ನಮ್ಮನ್ನು ಹಿಡಿದಿತ್ತು. ಧಣಿಯ ಜಗಲಿಯ ಕೆಳಗೆ ನಿಂತು ನಮ್ಮ ತಾತಂದಿರು ಹೆಬ್ಬೆಟ್ಟು ಒತ್ತಿದರು. ಅದರಲ್ಲಿ ನೂರು ಅಂತ ಬರೆದಿತ್ತೋ ಸಾವಿರ ಅಂತ ಬರೆದಿತ್ತೋ ಒತ್ತಿದವನಿಗೆ ಗೊತ್ತಿಲ್ಲ, ಬರೆದವನಿಗೆ ಗೊತ್ತು. ಅಪ್ಪ ಒತ್ತಿದ್ದಕ್ಕೆ ಮಗ ದನ ಕಾಯ್ದ. 1975ರ ಅಕ್ಟೋಬರ್‌ನಲ್ಲಿ ಸುಗ್ರೀವಾಜ್ಞೆ ಬಂದು, 1976ರಲ್ಲಿ ಅದು ಜೀತ ಪದ್ಧತಿ ರದ್ದತಿ ಕಾಯ್ದೆಯಾಗಿ, ಜೀತದ ಸಾಲವೆಲ್ಲ ವಜಾ ಆಯಿತು. ಇವತ್ತಿನ ಜೆರಾಕ್ಸು ಜೀತದ ಪತ್ರ ಅಂತ ನಾವು ಹೇಳ್ತಾ ಇಲ್ಲ. ಆದರೆ ಒಂದು ಗುಣ ಎರಡಕ್ಕೂ ಇದೆ. ಈ ಕಾಗದ ಯಾವುದಕ್ಕೆ ಬಳಕೆಯಾಗುತ್ತೆ ಅನ್ನೋದು ಕೊಟ್ಟವರಿಗೆ ಗೊತ್ತಿರಲ್ಲ, ಇಟ್ಟುಕೊಂಡವನಿಗೆ ಗೊತ್ತಿರುತ್ತೆ.

ಹಾಗಂತ ಏನನ್ನೂ ಕೊಡಬೇಡಿ ಅಂದರೆ ಅದು ಸುಳ್ಳು ಉಪದೇಶ. ಪಿ.ಎಫ್. ಖಾತೆಗೆ ಆಧಾರ್ ಜೋಡಿಸಲೇಬೇಕು ಅಂತ 2021ರಿಂದ ಕಾನೂನೇ ಇದೆ. ಜೋಡಿಸದಿದ್ದರೆ ನಷ್ಟ ನಮ್ಮದೇ. ಪಿ.ಎಫ್. ಧರ್ಮದ ದುಡ್ಡಲ್ಲ, ನಮ್ಮ ಸಂಬಳದಿಂದಲೇ ಹೋಗುವ ದುಡ್ಡು. 2016ರ ಏಪ್ರಿಲ್‌ನಲ್ಲಿ ಪಿ.ಎಫ್. ಹಿಂತೆಗೆತಕ್ಕೆ ಕೇಂದ್ರ ಸರಕಾರ ಅಡ್ಡಗಾಲು ಹಾಕಿದಾಗ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಾರು ಜನ ರಸ್ತೆಗಿಳಿದರು. ಎರಡೇ ದಿನಕ್ಕೆ ಸರಕಾರ ಆ ನಿಯಮವನ್ನು ವಾಪಸ್ಸು ತಗೊಂಡಿತು. ತಮ್ಮ ಹೆಸರಿನ ಲೆಕ್ಕ ತಮ್ಮದು ಅಂತ ಆ ಅಕ್ಕಂದಿರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಹಾಗಾದರೆ ನಮ್ಮ ತಕರಾರು ಏನು? ಕಾಗದ ಪಿ.ಎಫ್. ಕಚೇರಿಗೆ ಹೋಗಲಿ, ಇ.ಎಸ್.ಐ.ಗೆ ಹೋಗಲಿ, ಬ್ಯಾಂಕಿಗೆ ಹೋಗಲಿ. ಮೇಸ್ತ್ರಿಯ ಮೊಬೈಲಿಗೆ ಯಾಕೆ ಹೋಗಬೇಕು? ಸೂಪರ್‌ವೈಸರನ ಸ್ಕೂಟರ್ ಡಿಕ್ಕಿಯಲ್ಲಿ ಯಾಕೆ ಬಿದ್ದಿರಬೇಕು? ಗೇಟಿನ ರಿಜಿಸ್ಟರಿನಲ್ಲಿ, ಬಂದು ಹೋಗುವವರೆಲ್ಲ ತಿರುವಿ ನೋಡುವ ಹಾಗೆ, ಮನೆಗೆಲಸದ ಹೆಣ್ಣುಮಗಳ ಆಧಾರ್ ಯಾಕೆ ಅಂಟಿಕೊಂಡಿರಬೇಕು? ಆ ಮನೆಗಳ ಒಡೆಯರು ತಮ್ಮ ಆಧಾರ್ ನಕಲನ್ನು ಆ ಹೆಣ್ಣುಮಗಳಿಗೆ ಎಂದಾದರೂ ಕೊಟ್ಟಿದ್ದಾರಾ? ಕಳ್ಳತನದ ಅನುಮಾನ ಯಾವಾಗಲೂ ಕೆಳಗಿನಿಂದಲೇ ಮೇಲಕ್ಕೆ ಹೋಗಬೇಕಾ?

ನಮ್ಮಂಥವರಿಗೆ ಇನ್ನೊಂದು ಮುಳ್ಳಿದೆ. ಆ ಕಾರ್ಡಿನಲ್ಲಿ ಜಾತಿಯ ಕಾಲಂ ಇಲ್ಲ ನಿಜ. ಆದರೆ ವಿಳಾಸ ಇದೆಯಲ್ಲ! ಎ.ಕೆ. ಕಾಲೋನಿ ಅಂತ ಇರುತ್ತೆ, ಜನತಾ ಕಾಲೋನಿ ಅಂತ ಇರುತ್ತೆ, ಅಂಬೇಡ್ಕರ್ ನಗರ ಅಂತ ಇರುತ್ತೆ. ಓದುವವನಿಗೆ ಅಷ್ಟು ಸಾಕು. ಅಲ್ಲಿಯವರೆಗೂ 'ಬಾಮ್ಮಾ, ಕೂತ್ಕೋ' ಅಂದವರು ಕಾಗದ ನೋಡಿದ ಮೇಲೆ ಲೋಟ ಬೇರೆ ಇಡ್ತಾರೆ. ಊರಾಚೆ ನಮ್ಮನ್ನು ಇಟ್ಟವರೇ ಆ ಊರಾಚೆಯನ್ನು ನಮ್ಮ ಕಾರ್ಡಿನ ಮೇಲೆ ಅಚ್ಚು ಹಾಕಿಸಿದ ಹಾಗಾಯಿತು.

ಇನ್ನು ಹುಟ್ಟಿದ ದಿನ. ನಮ್ಮ ಅವ್ವಂದಿರು ಎಷ್ಟೋ ಜನ ಜನವರಿ ಒಂದಕ್ಕೇ ಹುಟ್ಟಿದವರು. ಹುಟ್ಟಿದ ದಿನ ಯಾರೂ ಬರೆದಿಡಲಿಲ್ಲ, ಆಧಾರ್ ಮಾಡುವ ಹುಡುಗ ಕಂಪ್ಯೂಟರಿಗೆ ಬೇಕಾದ ತಾರೀಕು ಒತ್ತಿದ. ಮೇಸ್ತ್ರಿ ಆ ಜೆರಾಕ್ಸ್ ನೋಡಿ ಇನ್ನೊಂದು ತರಹ ಬರೆದ. ಹೆಸರಿನ ಇನಿಷಿಯಲ್ ಹಿಂದೆ ಹೋಯಿತು, ಮುಂದೆ ಬಂತು. ಹತ್ತು ವರ್ಷ ದುಡಿದು ಪಿ.ಎಫ್. ಕೇಳಿದರೆ ಹೊಂದಾಣಿಕೆ ಇಲ್ಲ ಅಂತ ಅರ್ಜಿ ವಾಪಸ್ಸು. ಆಧಾರ್ ವಯಸ್ಸಿನ ಪುರಾವೆ ಅಲ್ಲ ಅಂತ 2024ರ ಜನವರಿಯಲ್ಲಿ ಪಿ.ಎಫ್. ಸಂಸ್ಥೆಯೇ ಅದನ್ನು ತನ್ನ ಪಟ್ಟಿಯಿಂದ ತೆಗೆಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅಪಘಾತ ಪರಿಹಾರದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ಶಾಲೆಯ ಟಿ.ಸಿ.ಯಲ್ಲಿದ್ದ ತಾರೀಕನ್ನೇ ಎತ್ತಿಹಿಡಿಯಿತು. ಶಾಲೆಯ ಮೆಟ್ಟಿಲನ್ನೇ ಹತ್ತದವರು ಯಾವ ಟಿ.ಸಿ. ತರಬೇಕು? ಈ ಪ್ರಶ್ನೆ ಹಾಗೇ ನಿಂತಿದೆ.

ಕಾನೂನು ಏನನ್ನುತ್ತೆ? ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು. ಆ ದಾವೆ ಹೂಡಿದ ಹಿರಿಯರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2018ರ ಸೆಪ್ಟೆಂಬರ್ 26ರ ತೀರ್ಪಿನಲ್ಲಿ, ಖಾಸಗಿ ಕಂಪನಿಗಳು ಬರೀ ಕರಾರಿನ ಬಲದ ಮೇಲೆ ಆಧಾರ್ ದೃಢೀಕರಣ ಮಾಡಿಸಲು ದಾರಿ ಮಾಡಿದ್ದ 57ನೆಯ ಕಲಮಿನ ಭಾಗ ಬಿದ್ದುಹೋಯಿತು. ಆದರೆ ನಾವಾಗಿ ಒಪ್ಪಿ ಕೊಟ್ಟರೆ ತಗೋಬಹುದು ಅಂತ 2019ರಲ್ಲಿ ತಿದ್ದುಪಡಿ ಬಂತು. ಹಸಿದವನ ಒಪ್ಪಿಗೆ ಎಂಥ ಒಪ್ಪಿಗೆ ಸ್ವಾಮಿ? 2023ರ ಮಾಹಿತಿ ರಕ್ಷಣೆ ಕಾಯ್ದೆಯಲ್ಲೂ ಉದ್ಯೋಗದ ಉದ್ದೇಶ ಅಂದರೆ ಮಾಲೀಕನಿಗೆ ಒಪ್ಪಿಗೆ ಕೇಳುವ ತೊಂದರೆಯೇ ಇಲ್ಲ. ಕಾನೂನಿನ ಬಾಗಿಲು ತೆರೆದಿದೆ, ಆದರೆ ನಮ್ಮ ಎತ್ತರಕ್ಕೆ ಅಲ್ಲ.

ಆದ್ದರಿಂದ ನಮ್ಮ ಕಾವಲು ನಾವೇ ಕಾಯಬೇಕು. ಅಸಲು ಕಾರ್ಡನ್ನು ಯಾರ ಬೀರುವಿನಲ್ಲೂ ಬಿಡಬೇಡಿ. ಗುರುತಿನ ಕಾಗದ ಹಿಡಿದಿಟ್ಟುಕೊಳ್ಳೋದು ಬಲವಂತದ ದುಡಿಮೆಯ 11 ಸೂಚನೆಗಳಲ್ಲಿ ಒಂದು ಅಂತ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೇ ಹೇಳುತ್ತೆ. ನಕಲು ಕೊಡುವಾಗ ಅದರ ಮೇಲೆ ಅಡ್ಡಗೆರೆ ಎಳೆದು, 'ಇಂಥ ಕೆಲಸಕ್ಕೆ ಮಾತ್ರ' ಅಂತ ಬರೆದು, ತಾರೀಕು ಹಾಕಿ ರುಜು ಮಾಡಿ. ಆಗ ಅದೇ ನಕಲಿನಿಂದ ಇನ್ಯಾರೋ ಸಿಮ್ ಕಾರ್ಡು ಎತ್ತೋದು, ಸಾಲ ಎತ್ತೋದು ಕಷ್ಟ. ಪಿ.ಎಫ್.ಗೆ ಪೂರ್ತಿ ನಂಬರು ಬೇಕು. ಬರೀ ಗುರುತಿಗೆ ಕೇಳಿದರೆ 12 ಅಂಕೆಯಲ್ಲಿ ಕೊನೆಯ ನಾಲ್ಕು ಮಾತ್ರ ಕಾಣುವ ಆಧಾರ್ ಪ್ರತಿ ಸಿಗುತ್ತೆ, ಓದಿದ ಹುಡುಗರು ಅದನ್ನು ಕೇರಿಯವರಿಗೆ ತೆಗೆದುಕೊಡಲಿ. ಖಾಲಿ ಹಾಳೆಗೆ ರುಜು ಮಾತ್ರ ಯಾವ ಕಾರಣಕ್ಕೂ ಬೇಡ.

ಇದಿಷ್ಟು ಒಬ್ಬೊಬ್ಬರು ಮಾಡೋದು. ಎಲ್ಲರೂ ಸೇರಿ ಮಾಡೋದು ಇನ್ನೊಂದಿದೆ. ಅವರು ನಮ್ಮ ಐದು ಕಾಗದ ತಗೋತಾರಲ್ಲ, ನಮಗೆ ಎಷ್ಟು ಕೊಟ್ಟಿದ್ದಾರೆ? ನೇಮಕದ ಪತ್ರ ಎಲ್ಲಿ? ಸಂಬಳದ ಚೀಟಿ ಎಲ್ಲಿ? ಪಿ.ಎಫ್. ನಂಬರು ಎಲ್ಲಿ? ಇ.ಎಸ್.ಐ. ಕಾರ್ಡು ಎಲ್ಲಿ? 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಬಗ್ಗೆ ನಮಗೆ ಬೇಕಾದಷ್ಟು ತಕರಾರಿದೆ, ಅದು ಇನ್ನೊಂದು ಸಭೆಯ ಮಾತು. ಆದರೆ ಅದರಲ್ಲೇ ನೇಮಕದ ಪತ್ರ ಕೊಡಲೇಬೇಕು, ಸಂಬಳದ ಚೀಟಿ ಕೊಡಲೇಬೇಕು ಅಂತ ಬರೆದಿದೆ. ಕೆಲಸಕ್ಕೆ ಸೇರಿಸುವಾಗ ನಾವು ಯಾರು ಅಂತ ಐದು ಸಲ ಕೇಳುವ ಕಂಟ್ರಾಕ್ಟರು, ಮ್ಯಾನ್‌ಹೋಲಿನಲ್ಲಿ ಒಬ್ಬ ಸತ್ತ ದಿನ 'ಅವನು ಯಾರೋ ಗೊತ್ತಿಲ್ಲ' ಅನ್ನಬಹುದು. ಆಗ ಬೀರುವಿನಲ್ಲಿರೋ ಜೆರಾಕ್ಸು ಬಾಯಿಬಿಡಲ್ಲ. ನಮ್ಮ ಕೈಯಲ್ಲಿರೋ ಅವರ ರುಜು ಮಾತ್ರ ಬಾಯಿಬಿಡುತ್ತೆ.

ಅದಕ್ಕೇ ನಾಳೆಯಿಂದ ಒಂದು ಕಾಗದ ಕೇಳಿದರೆ ನಾವೂ ಒಂದು ಕಾಗದ ಕೇಳೋಣ. ಒಬ್ಬರೇ ಕೇಳಬೇಡಿ, ಒಬ್ಬರನ್ನು ಕೆಲಸದಿಂದ ತೆಗೆಯೋದು ಸುಲಭ. ಇಡೀ ಪಾಳಿಯವರು ಸಾಲಾಗಿ ನಿಂತು ಕೇಳಿ. ಬಾಬಾಸಾಹೇಬರು ಅಕ್ಷರ ಕಲೀರಿ ಅಂದಿದ್ದು ಅವರು ತೋರಿಸಿದ ಕಡೆ ರುಜು ಹಾಕೋಕಲ್ಲ, ರುಜು ಹಾಕುವ ಮುಂಚೆ ಓದೋಕೆ.

ಜೈ ಭೀಮ್.