ಬೆರಳಿಗೆ ಗೊತ್ತಿದ್ದದ್ದು

ಲೂಯಿ ಬ್ರೈಲ್ ಹೆಸರು ಬಂದಾಗಲೆಲ್ಲ ವೇದಿಕೆಯ ಭಾಷಣಗಳಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ: ಕಣ್ಣಿಲ್ಲದಿದ್ದರೂ ಸಾಧಿಸಿ ತೋರಿಸಿದ. ಮಕ್ಕಳಿಗೆ ಸ್ಫೂರ್ತಿ ಬರಲಿ ಎಂದು ಆಡುವ ಮಾತು, ಉದ್ದೇಶ ಕೆಟ್ಟದ್ದೇನಲ್ಲ. ಆದರೆ ಆ 'ಇಲ್ಲದಿದ್ದರೂ' ಎಂಬ ಪದದ ಬಗ್ಗೆ ನನ್ನದೊಂದು ತಕರಾರಿದೆ. 15ನೆಯ ವಯಸ್ಸಿಗೆ ಆ ಹುಡುಗ ಕಟ್ಟಿದ, ಬೆರಳಿನಿಂದ ಓದುವ 6 ಚುಕ್ಕೆಗಳ ಲಿಪಿ ಕಣ್ಣಿಲ್ಲದ್ದರಿಂದಲೇ ಆದ ಕೆಲಸ ಎಂದು ನನ್ನ ವಾದ. ಒಂದು ಪ್ರತ್ಯಯ ಬದಲಾದರೆ ಇಡೀ ಕತೆ ಮಗ್ಗುಲು ಬದಲಿಸುತ್ತದೆ. 'ಇಲ್ಲದಿದ್ದರೂ' ಎಂದರೆ ಅವನು ಕೊರತೆಯನ್ನು ಗೆದ್ದ ವೀರ, ನಾವು ಚಪ್ಪಾಳೆ ತಟ್ಟುವವರು. 'ಇಲ್ಲದ್ದರಿಂದ' ಎಂದರೆ ಅವನು ವಿಷಯ ಬಲ್ಲವನು, ಕಣ್ಣಿದ್ದ ನಾವು ಬಲ್ಲವನ ಮಾತಿಗೆ ಕಿವಿಗೊಡದೆ ಕಾಲ ಕಳೆದವರು. ಎರಡನೆಯ ಕತೆ ಕೇಳಲು ಅಷ್ಟು ಹಿತವಾಗಿಲ್ಲ. ನಡೆದದ್ದಕ್ಕೆ ಹತ್ತಿರವಾದದ್ದು ಮಾತ್ರ ಅದೇ.

ಪ್ಯಾರಿಸ್ಸಿನ ಪೂರ್ವಕ್ಕೆ ಸುಮಾರು 40 ಕಿಲೋಮೀಟರ್ ದೂರದಲ್ಲಿ ಕೂವ್ರೆ ಎಂಬ ಹಳ್ಳಿ. 1809ರ ಜನವರಿ 4ರಂದು ಲೂಯಿ ಹುಟ್ಟಿದ್ದು ಅಲ್ಲಿ. ತಂದೆ ಕುದುರೆಗಳಿಗೆ ಜೀನು, ಲಗಾಮು ಹೊಲಿಯುವವರು. 3 ವರ್ಷದ ಮಗು ಅಪ್ಪನ ಅಂಗಡಿಯಲ್ಲಿ ಆಡುತ್ತ, ಚರ್ಮಕ್ಕೆ ತೂತು ಹಾಕುವ ಮೊನಚು ಉಳಿಯಿಂದ ಕಣ್ಣಿಗೆ ಚುಚ್ಚಿಕೊಂಡಿತು. ನಂಜು ಇನ್ನೊಂದು ಕಣ್ಣಿಗೂ ಹಬ್ಬಿ, 5 ವರ್ಷ ತುಂಬುವ ಹೊತ್ತಿಗೆ ಎರಡೂ ಹೋದವು. ಮುಂದೆ ಅದೇ ಉಳಿಯಿಂದಲೇ ಅವನು ಚುಕ್ಕೆ ಕೊರೆದನೆಂಬ ಕತೆಯೂ ಓಡಾಡುತ್ತದೆ. ಪುರಾಣ ಕಟ್ಟುವವರಿಗೆ ಅಷ್ಟು ಅಚ್ಚುಕಟ್ಟು ಬೇಕೇ ಬೇಕು. ಅದಕ್ಕಿಂತ ನನಗೆ ಮುಖ್ಯವೆನಿಸುವುದು ಅಪ್ಪ ಮಾಡಿದ ಇನ್ನೊಂದು ಕೆಲಸ. ಅವರು ಹಲಗೆಯ ಮೇಲೆ ಮೊಳೆ ಹೊಡೆದು ಅಕ್ಷರದ ಆಕಾರ ಮೂಡಿಸಿ ಮಗನ ಬೆರಳಿಗೆ ಕೊಟ್ಟರು. ಊರಿನ ಪಾದ್ರಿ ಪಾಠ ಹೇಳಿದರು, ಶಾಲೆಯ ಮೇಷ್ಟ್ರು ಬೇರೆ ಮಕ್ಕಳ ಜೊತೆ ಕೂರಿಸಿಕೊಂಡರು. ಕಣ್ಣು ಕಳೆದುಕೊಂಡ ಬಡವರ ಮಕ್ಕಳಿಗೆ ಭಿಕ್ಷೆಯೇ ಗತಿ ಎನ್ನುವಂಥ ಕಾಲದಲ್ಲಿ 10 ವರ್ಷದ ಲೂಯಿ, 1819ರಲ್ಲಿ, ಪ್ಯಾರಿಸ್ಸಿನ ಅಂಧ ಮಕ್ಕಳ ಶಾಲೆಗೆ ಸೇರಿದ. ಒಬ್ಬಂಟಿಯಾಗಿ ವಿಧಿಯ ವಿರುದ್ಧ ಸೆಣಸಿದವನ ಚಿತ್ರಕ್ಕೆ ಇದು ಹೊಂದುವುದಿಲ್ಲ. ಅವನ ಹಿಂದೆ ಇಷ್ಟು ಜನರಿದ್ದರು.

ಆ ಶಾಲೆಯನ್ನು ಕಟ್ಟಿದವರು ವಾಲಾಂತೆ ಆಯುಯಿ. ಕಣ್ಣಿಲ್ಲದವರಿಗೂ ಓದು ಬೇಕು ಎಂದು 18ನೆಯ ಶತಮಾನದಲ್ಲೇ ಹಟ ಹಿಡಿದ ದೊಡ್ಡ ಮನಸ್ಸಿನ ಮನುಷ್ಯ. ಒದ್ದೆ ಕಾಗದವನ್ನು ದಪ್ಪ ಅಚ್ಚಿನ ಮೇಲೆ ಒತ್ತಿ, ನಾವು ನೋಡುವ ಅದೇ ಲ್ಯಾಟಿನ್ ಅಕ್ಷರಗಳು ಉಬ್ಬಿ ನಿಲ್ಲುವಂತೆ ಅವರು ಪುಸ್ತಕ ಮಾಡಿಸಿದರು. ನೋಡಲು ಚೆಂದ. ಮುಟ್ಟುವವರ ಪಾಡು ಬೇರೆ. ಅಕ್ಷರದ ಗೆರೆ ಎಲ್ಲಿ ಬಾಗಿತು, ಎಲ್ಲಿ ಕೂಡಿತು ಎಂದು ಬೆರಳು ಪ್ರತಿಯೊಂದರ ಸುತ್ತ ಹರಿದಾಡಬೇಕು; ಪದದ ಕೊನೆ ಮುಟ್ಟುವಷ್ಟರಲ್ಲಿ ಮೊದಲ ಅಕ್ಷರ ಮರೆತಿರುತ್ತದೆ. ಅಕ್ಷರಗಳು ದೊಡ್ಡವಾದ್ದರಿಂದ ಪುಸ್ತಕಗಳು ಹೊರಲಾರದಷ್ಟು ಭಾರ, ಅವೂ ಬೆರಳೆಣಿಕೆಯಷ್ಟು. ಎಲ್ಲಕ್ಕಿಂತ ದೊಡ್ಡ ಕೊರತೆ, ಆ ಮಕ್ಕಳು ಅದನ್ನು ಓದಬಹುದಿತ್ತೇ ಹೊರತು ಬರೆಯುವಂತಿರಲಿಲ್ಲ. ಪಾಠ ಬರೆದುಕೊಳ್ಳುವಂತಿಲ್ಲ, ಮನೆಗೆ ಕಾಗದ ಹಾಕುವಂತಿಲ್ಲ. ಆಯುಯಿಯವರ ಪ್ರೀತಿಯಲ್ಲಿ ಕೊರತೆ ಇರಲಿಲ್ಲ. ಕಣ್ಣಿಗೆ ಒಪ್ಪುವ ಆಕಾರ ಬೆರಳಿಗೂ ಒಪ್ಪುತ್ತದೆ ಎಂಬ ಅವರ ಊಹೆ ತಪ್ಪಾಗಿತ್ತು, ಅಷ್ಟೆ. ಆ ತಪ್ಪು ಕಾಣಬೇಕಾದರೆ ಬೆರಳಿನಿಂದಲೇ ಓದಿ ಬದುಕಬೇಕು.

1821ರ ಸುಮಾರಿಗೆ ಶಾಲೆಗೆ ಹೊಸತೊಂದು ಬಂತು. ಸೇನೆಯಲ್ಲಿ ಅಧಿಕಾರಿಯಾಗಿದ್ದ ಶಾರ್ಲ್ ಬಾರ್ಬಿಯೆ ಎಂಬವರು ಚುಕ್ಕೆಗಳಿಂದ ಬರೆಯುವ ವಿಧಾನವೊಂದನ್ನು ರೂಪಿಸಿದ್ದರು. 36 ಧ್ವನಿಗಳನ್ನು 6 ಸಾಲು, 6 ಕಂಬಗಳ ಚೌಕದಲ್ಲಿಟ್ಟು, ಯಾವ ಸಾಲು, ಯಾವ ಕಂಬ ಎಂಬುದನ್ನು ಎರಡು ಉದ್ದ ಸಾಲಿನ ಚುಕ್ಕೆಗಳಲ್ಲಿ ಹೇಳುವ ಲೆಕ್ಕ. ಒಂದು ಧ್ವನಿಗೆ 12 ಚುಕ್ಕೆಗಳವರೆಗೂ ಬೇಕು. ಇಲ್ಲಿ ನನ್ನ ವಾದಕ್ಕೆ ಒಂದು ಗಟ್ಟಿ ಆಕ್ಷೇಪ ಏಳುತ್ತದೆ: ಚುಕ್ಕೆಯ ಮೂಲ ಕಲ್ಪನೆ ಕೊಟ್ಟವರೇ ಕಣ್ಣಿದ್ದವರು, ಹಾಗಿದ್ದ ಮೇಲೆ ಕಣ್ಣಿಲ್ಲದ್ದರಿಂದ ಆದ ಕೆಲಸ ಎನ್ನುವುದು ಹೇಗೆ? ಬಾರ್ಬಿಯೆಗೆ ಸಲ್ಲಬೇಕಾದ್ದು ಸಲ್ಲಲಿ. ಬ್ರೈಲ್ ಕೂಡ ಆ ಋಣವನ್ನು ತನ್ನ ಪುಸ್ತಕದಲ್ಲಿ ಒಪ್ಪಿಕೊಂಡಿದ್ದಾನೆ. ಆದರೆ ಬಾರ್ಬಿಯೆಯ ಚುಕ್ಕೆಗಳನ್ನು ಬೆರಳ ತುದಿಗೆ ತಂದು ನೋಡಿ. ನೆಟ್ಟಗೆ 6 ಚುಕ್ಕೆಗಳ ಸಾಲು ಬೆರಳ ತುದಿಯ ಮೆತ್ತೆಯಲ್ಲಿ ಹಿಡಿಸುವುದಿಲ್ಲ. ಮೇಲಿಂದ ಕೆಳಕ್ಕೆ ಜಾರಿಸಿ ಎಣಿಸಬೇಕು, ಎಣಿಸುತ್ತ ಕುಳಿತರೆ ಓದು ನಿಂತಿತು. ಲೂಯಿ ಅದನ್ನು ಅರ್ಧಕ್ಕೆ ಕತ್ತರಿಸಿದ. ಎರಡು ಕಂಬ, ಒಂದೊಂದರಲ್ಲಿ 3 ಚುಕ್ಕೆ. ಈಗ ಇಡೀ ಅಕ್ಷರ ಒಂದೇ ಸ್ಪರ್ಶಕ್ಕೆ ಸಿಕ್ಕಿತು. ಬೆರಳು ಮೇಲೆ ಕೆಳಗೆ ಹೋಗುವ ಮಾತೇ ಇಲ್ಲ, ಎಡದಿಂದ ಬಲಕ್ಕೆ ಹರಿದರೆ ಸಾಕು. 6 ಚುಕ್ಕೆಗಳು ಉಬ್ಬುವ, ಉಬ್ಬದಿರುವ ಬಗೆಗಳನ್ನು ಲೆಕ್ಕ ಹಾಕಿದರೆ ಖಾಲಿ ಜಾಗ ಬಿಟ್ಟು 63 ಗುರುತುಗಳು. ಮೊದಲ 10 ಅಕ್ಷರ ಮೇಲಿನ 4 ಚುಕ್ಕೆಗಳಲ್ಲೇ ಮುಗಿಯುತ್ತವೆ, ಅವಕ್ಕೇ ಕೆಳಗೊಂದು ಚುಕ್ಕೆ ಸೇರಿದರೆ ಮುಂದಿನ 10. ಅವೇ ಗುರುತುಗಳು ಅಂಕಿಗಳಾಗುತ್ತವೆ, ಸಂಗೀತದ ಸ್ವರಗಳೂ ಆಗುತ್ತವೆ. ಇನ್ನೊಂದು ಬದಲಾವಣೆ ಇದಕ್ಕಿಂತ ದೊಡ್ಡದು. ಬಾರ್ಬಿಯೆಯ ವಿಧಾನದಲ್ಲಿ ಧ್ವನಿಯಿತ್ತು, ಕಾಗುಣಿತ ಇರಲಿಲ್ಲ; ವಿರಾಮ ಚಿಹ್ನೆಯೂ ಇರಲಿಲ್ಲ. ಕಣ್ಣಿಲ್ಲದವರಿಗೆ ಇಷ್ಟು ಸಾಕು ಎಂಬ ಎಣಿಕೆ ಅದರೊಳಗಿತ್ತು. ಹುಡುಗ ಇಷ್ಟು ಸಾಲದು ಎಂದ. ಉಳಿದವರು ಬರೆಯುವಂತೆ, ಅಷ್ಟೇ ಪೂರ್ತಿಯಾಗಿ ಬರೆಯಬೇಕು ಎಂದ. 1824ರ ಹೊತ್ತಿಗೆ ಲಿಪಿಯ ರೂಪ ಸಿದ್ಧವಾಗಿತ್ತು, 1829ರಲ್ಲಿ ಪುಸ್ತಕವಾಗಿ ಹೊರಬಂತು.

ಹಾಗಾದರೆ ಆ ಶಾಲೆಯಲ್ಲಿದ್ದ ಮಕ್ಕಳೆಲ್ಲ ಲಿಪಿ ಕಟ್ಟಬೇಕಿತ್ತಲ್ಲ, ಛಲಕ್ಕೆ ಬೆಲೆ ಇಲ್ಲವೇ ಎಂದು ಕೇಳಬಹುದು. ಬೆಲೆ ಇದೆ, ಬುದ್ಧಿಗೂ ಇದೆ. ದಿನದ ಪಾಠ ಮುಗಿಸಿ, ಬಿಡುವು ಸಿಕ್ಕಾಗಲೆಲ್ಲ ವರ್ಷಗಟ್ಟಲೆ ಕಾಗದ ಚುಚ್ಚುತ್ತ ಕೂರುವುದು ಯಾರಿಂದಲಾದರೂ ಆಗುವ ಕೆಲಸವಲ್ಲ. ಆದರೆ ಛಲ ಆಯುಯಿಗೂ ಇತ್ತು, ಬಾರ್ಬಿಯೆಗೂ ಇತ್ತು. ಇಬ್ಬರ ಹತ್ತಿರ ಇಲ್ಲದ್ದು ಆ ಬೆರಳಿನ ಅನುಭವ. ಜೊತೆಗೆ ಲೂಯಿಗೆ ಪರೀಕ್ಷಕರ ಬರವಿರಲಿಲ್ಲ. ಪಕ್ಕದ ಹಾಸಿಗೆಯಲ್ಲಿ, ಊಟದ ಮೇಜಿನಲ್ಲಿ ಅವನ ಹಾಗೇ ಓದುವ ಹುಡುಗರು. ಬೆರಳು ಎಲ್ಲಿ ತಡವರಿಸಿತು ಎಂಬುದು ಅಲ್ಲೇ ತಿಳಿಯುತ್ತಿತ್ತು. ಮೊದಲ ಆವೃತ್ತಿಯಲ್ಲಿ ಚುಕ್ಕೆಗಳ ಜೊತೆ ಸಣ್ಣ ಗೆರೆಗಳೂ ಇದ್ದವು; 1837ರ ಆವೃತ್ತಿಯ ಹೊತ್ತಿಗೆ ಅವು ಬಿದ್ದುಹೋದವು. ಬರಿಯ ಪ್ರತಿಭೆಯಿಂದ ಒಮ್ಮೆಲೇ ಹೊಳೆದದ್ದಾಗಿದ್ದರೆ ಇಂಥ ತಿದ್ದುಪಡಿಯ ಗುರುತು ಉಳಿಯುತ್ತಿರಲಿಲ್ಲ.

ಇಷ್ಟು ಕೈಯಲ್ಲಿದ್ದರೂ ಲಿಪಿ ಗೆಲ್ಲಲಿಲ್ಲ. ಬ್ರೈಲ್ ಅದೇ ಶಾಲೆಯಲ್ಲಿ ಮೇಷ್ಟ್ರಾದ, ಚರ್ಚುಗಳಲ್ಲಿ ಆರ್ಗನ್ ನುಡಿಸಿದ, ಶಿಷ್ಯರಿಗೆ ತನ್ನ ಲಿಪಿ ಹೇಳಿಕೊಟ್ಟ. 1840ರಲ್ಲಿ ಶಾಲೆಯ ಮುಖ್ಯಸ್ಥರು ಬದಲಾದರು. ಹೊಸದಾಗಿ ಬಂದ ದ್ಯೂಫೋ ಚುಕ್ಕೆಗಳನ್ನು ಹೊರಗಿಟ್ಟು ಉಬ್ಬು ಅಕ್ಷರಗಳಿಗೇ ಅಂಟಿಕೊಂಡರು. ಮಕ್ಕಳು ಮರೆಯಲ್ಲಿ ಚುಕ್ಕೆ ಚುಚ್ಚುತ್ತಲೇ ಇದ್ದರು. ದ್ಯೂಫೋ ಅವರನ್ನು ಖಳನಾಯಕ ಮಾಡುವುದು ಸುಲಭ, ಆದರೆ ಅವರಂಥವರ ವಾದದಲ್ಲಿ ಹುರುಳಿತ್ತು. ಕಣ್ಣಿದ್ದವರು ಓದಲಾರದ ಲಿಪಿ ಕಲಿತರೆ ಈ ಮಕ್ಕಳು ಸಮಾಜದಿಂದ ಇನ್ನೂ ದೂರವಾಗುತ್ತಾರೆ, ತಾಯಿತಂದೆಗೂ ಓದಲಾಗದ ಅಕ್ಷರ ಯಾವ ಸುಖಕ್ಕೆ ಎಂಬ ಆತಂಕವನ್ನು ತಳ್ಳಿಹಾಕುವಂತಿಲ್ಲ. ಸೋಜಿಗವೆಂದರೆ ಆ ಆತಂಕವನ್ನು ಅವರಿಗಿಂತ ಗಂಭೀರವಾಗಿ ತೆಗೆದುಕೊಂಡವನು ಬ್ರೈಲ್. 1839ರಲ್ಲಿ ಅವನು ಇನ್ನೊಂದು ವಿಧಾನ ಪ್ರಕಟಿಸಿದ: ಕಣ್ಣಿಲ್ಲದವರು ಚುಕ್ಕೆಗಳನ್ನು ಲೆಕ್ಕದಂತೆ ಚುಚ್ಚುತ್ತ ಹೋದರೆ ಸಾಮಾನ್ಯ ಲ್ಯಾಟಿನ್ ಅಕ್ಷರದ ಆಕಾರವೇ ಮೂಡುತ್ತದೆ, ಮನೆಯವರು ಕಣ್ಣಾರೆ ಓದಿಕೊಳ್ಳಬಹುದು. ಅದೇ ಶಾಲೆಯ ಹಳೆಯ ವಿದ್ಯಾರ್ಥಿ, ಕಣ್ಣಿಲ್ಲದ ಫೂಕೋ, ಅದಕ್ಕೊಂದು ಯಂತ್ರವನ್ನೂ ಮಾಡಿದ. ಮಕ್ಕಳು ದೂರವಾಗುತ್ತಾರೆ ಎಂದು ದೊಡ್ಡವರು ಹೆದರಿ ಬಾಗಿಲು ಮುಚ್ಚಿದರು. ಆ ಮಕ್ಕಳಲ್ಲೊಬ್ಬನಾಗಿದ್ದವನು ಸೇತುವೆ ಕಟ್ಟಿಕೊಟ್ಟ. 1844ರಲ್ಲಿ ಶಾಲೆಯ ಹೊಸ ಕಟ್ಟಡದ ಉದ್ಘಾಟನೆಯಲ್ಲಿ ಉಪ ಮುಖ್ಯಸ್ಥ ಗುವಾದೆ ಎಲ್ಲರೆದುರು ಬ್ರೈಲ್ ಲಿಪಿಯ ಪ್ರಾತ್ಯಕ್ಷಿಕೆ ಮಾಡಿಸಿದ ಮೇಲೆ ಗಾಳಿ ತಿರುಗಿತು. ಅಷ್ಟರಲ್ಲಿ ಕ್ಷಯ ಬ್ರೈಲ್‌ನನ್ನು ತಿಂದುಹಾಕುತ್ತಿತ್ತು. 1852ರ ಜನವರಿ 6ರಂದು, 43 ತುಂಬಿದ ಎರಡನೆಯ ದಿನ, ತೀರಿಕೊಂಡ. ಶಾಲೆ ಅವನ ಲಿಪಿಯನ್ನು ಅಧಿಕೃತವಾಗಿ ಒಪ್ಪಿದ್ದು 1854ರಲ್ಲಿ. ಅಮೆರಿಕದಲ್ಲಂತೂ ಯಾವ ಚುಕ್ಕೆ ಲಿಪಿ ಮೇಲು ಎಂಬ ಜಗಳ ದಶಕಗಟ್ಟಲೆ ನಡೆದು, ಇಂಗ್ಲಿಷಿಗೆ ಒಂದೇ ಬ್ರೈಲ್ ಎಂಬ ಒಪ್ಪಂದವಾದದ್ದು 1932ರಲ್ಲಿ. ಹುಡುಗ 15ನೆಯ ವಯಸ್ಸಿಗೆ ಮುಗಿಸಿದ್ದನ್ನು ದೊಡ್ಡವರು ಒಪ್ಪಿ ಮುಗಿಸಲು 100 ವರ್ಷ ದಾಟಿತು.

ನಮ್ಮಲ್ಲೂ ಒಂದೊಂದು ಕಡೆ ಒಂದೊಂದು ಬಗೆಯ ಬ್ರೈಲ್ ಇದ್ದು, 1951ರಲ್ಲಿ ಭಾರತೀಯ ಭಾಷೆಗಳಿಗೆಲ್ಲ ಹೊಂದುವ ಭಾರತಿ ಬ್ರೈಲ್ ಬಂತು. ಕನ್ನಡದ 'ಕ' ಹಿಂದಿಯ 'ಕ', ತಮಿಳಿನ 'ಕ' ಎಲ್ಲಕ್ಕೂ ಒಂದೇ ಗುರುತು, ಅದು ಬ್ರೈಲ್‌ನ ಲ್ಯಾಟಿನ್ 'ಕೆ' ಅಕ್ಷರದ್ದೇ: ಎಡ ಕಂಬದ ಮೇಲಿನ ಚುಕ್ಕೆ, ಕೆಳಗಿನ ಚುಕ್ಕೆ. 'ಕನ್ನಡ' ಎಂದು ಬರೆಯಲು 6 ಚುಕ್ಕೆಗಳ ಐದು ಮನೆ ಬೇಕು. ಮೊದಲು ಕ. ಆಮೇಲೆ ಮುಂದೆ ಒತ್ತಕ್ಷರವಿದೆ ಎಂದು ಸೂಚಿಸುವ ಒಂಟಿ ಚುಕ್ಕೆ. ಆಮೇಲೆ ನ, ಇನ್ನೊಂದು ನ, ಕೊನೆಗೆ ಡ. ಅಚ್ಚಿನಲ್ಲಿ ಕೆಳಗೆ ಜೋತುಬೀಳುವ ಒತ್ತು ಇಲ್ಲಿ ಸಾಲಿಗೆ ಬಂದು ನಿಲ್ಲುತ್ತದೆ. ಬೆರಳು ಕೆಳಗಿಳಿಯುವ ಹಾಗಿಲ್ಲ ಎಂಬ 15 ವರ್ಷದ ಹುಡುಗನ ತೀರ್ಮಾನ ನಮ್ಮ ಒತ್ತಕ್ಷರವನ್ನೂ ಮೇಲೆತ್ತಿ ಕೂರಿಸಿದೆ.

ಈಗ ಮೊಬೈಲೇ ಓದಿ ಹೇಳುತ್ತದಲ್ಲ, ಚುಕ್ಕೆಯ ಕಾಲ ಮುಗಿಯಿತು ಎನ್ನುವವರಿದ್ದಾರೆ. ಧ್ವನಿಯ ಉಪಕಾರ ದೊಡ್ಡದು, ಪುಸ್ತಕಗಳ ಲೋಕವನ್ನೇ ಅದು ತೆರೆದಿದೆ. ಆದರೆ ಕೇಳಿದವರಿಗೆ ಕತೆ ಸಿಗುತ್ತದೆ, ಕಾಗುಣಿತ ಸಿಗುವುದಿಲ್ಲ. ಪದದಲ್ಲಿರುವುದು ಅಲ್ಪಪ್ರಾಣವೋ ಮಹಾಪ್ರಾಣವೋ, ಗಣಿತದ ಸಾಲಿನಲ್ಲಿ ಆವರಣ ಎಲ್ಲಿ ಮುಗಿಯಿತು ಎಂಬುದು ಕಿವಿಗಿಂತ ಬೆರಳಿಗೆ ಚೆನ್ನಾಗಿ ತಿಳಿಯುತ್ತದೆ. ಕಣ್ಣಿನ ಜೊತೆ ಕಿವಿಯೂ ಇಲ್ಲದವರ ಮಾತಂತೂ ಎತ್ತುವುದೇ ಬೇಡ. ಕಣ್ಣಿದ್ದ ಮಕ್ಕಳಿಗೆ ಇನ್ನು ಅಕ್ಷರ ಕಲಿಸುವುದು ಬೇಡ, ಮೊಬೈಲ್ ಓದಿ ಹೇಳುತ್ತದೆ ಎಂದು ಯಾರೂ ಹೇಳುವುದಿಲ್ಲ ಎಂಬುದನ್ನೂ ಗಮನಿಸಿ. ಕಣ್ಣಿಲ್ಲದವರಿಗೆ ಇಷ್ಟು ಸಾಕು ಎಂಬ ಬಾರ್ಬಿಯೆ ಕಾಲದ ಎಣಿಕೆ ಹೊಸ ಬಟ್ಟೆ ತೊಟ್ಟು ಬಂದಿದೆ.

ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೆನೆದಾಗ ನಾವು ಅದರ ಸಂಗೀತವನ್ನು ಕೊಂಡಾಡುತ್ತೇವೆ. ಕಣ್ಣಿಲ್ಲದ ಮಕ್ಕಳಿಗೆ ಏನು ಕಲಿಸಬೇಕು, ಹೇಗೆ ಕಲಿಸಬೇಕು ಎಂದು ಅಲ್ಲಿ ನಿರ್ಧರಿಸಿದವರು ಸ್ವತಃ ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು. ಉಳಿದ ಕಡೆ ಆ ಅಧಿಕಾರ ಇನ್ನೂ ಬಹುಮಟ್ಟಿಗೆ ನೋಡುವವರ ಕೈಯಲ್ಲೇ ಇದೆ. ನಮ್ಮ ನಗರಗಳ ಪಾದಚಾರಿ ಮಾರ್ಗದಲ್ಲಿ ಕಣ್ಣಿಲ್ಲದವರಿಗೆಂದೇ ಹಾಸಿದ ಹಳದಿ ಉಬ್ಬು ಹಾಸುಗಲ್ಲು ನೇರವಾಗಿ ಹೋಗಿ ವಿದ್ಯುತ್ ಕಂಬಕ್ಕೆ ಡಿಕ್ಕಿ ಹೊಡೆಯುವುದನ್ನು ನೀವೂ ನೋಡಿರುತ್ತೀರಿ. ನಿಮ್ಮ ಊರಿನಲ್ಲಿ, ನಿಮ್ಮ ಬಡಾವಣೆಯಲ್ಲಿ, ನಿಮ್ಮ ಕಚೇರಿಯ ಮೆಟ್ಟಿಲ ಬಳಿ ಇಂಥ ಕೆಲಸ ನಡೆದಾಗ ಒಂದು ಉಪಕಾರ ಮಾಡಿ. ಸಿಮೆಂಟು ಒಣಗುವ ಮುನ್ನ, ಅದರ ಮೇಲೆ ನಡೆಯಬೇಕಾದವರನ್ನು ಕರೆಸಿ. ಅವರು ಸರಿಯಿಲ್ಲ ಎಂದರೆ ಕಿತ್ತು ಮತ್ತೆ ಹಾಕಿಸಿ.