ಸೀಟಿನ ಬೆಲೆ, ರೈತನ ಸಾಲ

(ತಾಲ್ಲೂಕು ರೈತ ಸಮಾವೇಶದಲ್ಲಿ ಮಾಡಿದ ಭಾಷಣ)



ಬೆಲೆ, ಸಾಲದ ಸಭೆಯಲ್ಲಿ ಇವನೇಕೆ ಆಸ್ಪತ್ರೆ ಮಾತು ತೆಗೆದ ಅಂತ ನಿಮಗೆ ಅನ್ನಿಸಬಹುದು. ಸಾಲದ ಬೇರು ಹುಡುಕಿಕೊಂಡು ಹೋದರೆ ಆಸ್ಪತ್ರೆ ಬಾಗಿಲು ಸಿಗುತ್ತದೆ. ಅದಕ್ಕೇ ಈ ಮಾತು.

ಸೊಸೈಟಿ ಪುಸ್ತಕದಲ್ಲಿ ನಿಮ್ಮ ಹೆಸರಿನ ಮುಂದೆ ‘ಬೆಳೆಸಾಲ’ ಎಂದಿರುತ್ತದೆ. ಆ ದುಡ್ಡು ನಿಜಕ್ಕೂ ಹೋದದ್ದೆಲ್ಲಿಗೆ? ಎಷ್ಟೋ ಮನೆಗಳಲ್ಲಿ ಹೆಂಡತಿಯ ಆಪರೇಷನ್ನಿಗೆ, ಅಪ್ಪನ ಡಯಾಲಿಸಿಸ್‌ಗೆ, ಟ್ರ್ಯಾಕ್ಟರಿನಿಂದ ಬಿದ್ದ ಮಗನ ಕಾಲಿಗೆ. ಆಮೇಲೆ ಗೊಬ್ಬರದಂಗಡಿಯಲ್ಲಿ ಉದ್ರಿ, ಉದ್ರಿ ತೀರಿಸಲು ಕೈಸಾಲ. ಕಂತು ತಪ್ಪಿದರೆ ನೀವು ಸುಸ್ತಿದಾರರು. 2015ರ ರಾಷ್ಟ್ರೀಯ ಆರೋಗ್ಯ ನೀತಿಯ ಕರಡಿನಲ್ಲಿ ಕೇಂದ್ರ ಸರ್ಕಾರವೇ ಒಪ್ಪಿಕೊಂಡಿದೆ: ಬರೀ ಚಿಕಿತ್ಸೆಯ ಖರ್ಚಿನಿಂದ ವರ್ಷಕ್ಕೆ 6 ಕೋಟಿ 30 ಲಕ್ಷ ಜನ ಬಡತನದ ಬಾಯಿಗೆ ಬೀಳುತ್ತಾರೆ.

ಬೆಂಬಲ ಬೆಲೆ ಶಿಫಾರಸು ಮಾಡುವ ಆಯೋಗ ಬೀಜ, ಗೊಬ್ಬರ, ಡೀಸೆಲ್, ಆಳಿನ ಕೂಲಿ, ಮನೆಯವರ ದುಡಿಮೆ ಎಲ್ಲವನ್ನೂ ಲೆಕ್ಕ ಹಾಕುತ್ತದೆ. ಎತ್ತಿನ ಮೇವೂ ಲೆಕ್ಕಕ್ಕೆ ಬರುತ್ತದೆ. ಎತ್ತು ಹೊಡೆಯುವವನ ಕಾಯಿಲೆ ಮಾತ್ರ ಬರುವುದಿಲ್ಲ. ವೈಜ್ಞಾನಿಕ ಬೆಲೆ ಕೇಳುವ ನಾವು ಈ ಬಾಬ್ತನ್ನೂ ಕೇಳಬೇಕಲ್ಲವೆ?

ಇನ್ನು ಡಾಕ್ಟರು ತಯಾರಾಗುವ ಕಡೆ ನೋಡೋಣ. ನಮ್ಮ ನೆಲದಲ್ಲಿ 1953ರಲ್ಲೇ ಮಣಿಪಾಲದಲ್ಲಿ ಖಾಸಗಿ ಮೆಡಿಕಲ್ ಕಾಲೇಜು ಶುರುವಾಯಿತು. ಕಾಲೇಜು ಹೆಚ್ಚಿದ್ದು ತಪ್ಪಲ್ಲ. ಸೀಟು ಸಂತೆಗೆ ಬಂದದ್ದು ತಪ್ಪು. 1984ರಲ್ಲಿ ರಾಜ್ಯ ಸರ್ಕಾರ ಕ್ಯಾಪಿಟೇಶನ್ ಫೀ ನಿಷೇಧಿಸಿ ಕಾನೂನು ಮಾಡಿತು. 1989ರಲ್ಲಿ ಅದೇ ಸರ್ಕಾರದ ಅಧಿಸೂಚನೆ ಖಾಸಗಿ ಕಾಲೇಜುಗಳಿಗೆ ಗೊತ್ತುಮಾಡಿದ ವಾರ್ಷಿಕ ಫೀ ಕೇಳಿ: ಸರ್ಕಾರಿ ಸೀಟಿಗೆ 2,000 ರೂಪಾಯಿ, ಉಳಿದ ಸೀಟಿಗೆ ಕರ್ನಾಟಕದವರಿಗೆ 25,000, ಹೊರ ರಾಜ್ಯದವರಿಗೆ 60,000. ಅದೇ ಪಾಠ, ಅದೇ ಡಿಗ್ರಿ, ಮೂರು ಬೆಲೆ! 1992ರಲ್ಲಿ ಸುಪ್ರೀಂ ಕೋರ್ಟು ಮೋಹಿನಿ ಜೈನ್ ಪ್ರಕರಣದಲ್ಲಿ ಇದು ಸಲ್ಲದು ಎಂದಿತು. ಮರುವರ್ಷವೇ ಇನ್ನೊಂದು ತೀರ್ಪಿನಲ್ಲಿ ಫ್ರೀ ಸೀಟು, ಪೇಮೆಂಟ್ ಸೀಟು ಎಂದು ಭಾಗ ಮಾಡಿಕೊಟ್ಟಿತು. 2002ರಲ್ಲಿ ಆ ಏರ್ಪಾಡೂ ಬಿದ್ದುಹೋಯಿತು. ಹೆಸರು ಬದಲಾಯಿತು, ಬೇಲಿ ಹಾಗೇ ಉಳಿಯಿತು.

ಸ್ವಲ್ಪ ಲೆಕ್ಕ ಹಾಕಿ. ಒಬ್ಬ ತಂದೆ ಮಗನ ಓದಿಗೆ ಒಂದು ಕೋಟಿ ಸುರಿದ ಅಂತಿಟ್ಟುಕೊಳ್ಳಿ. ನೂರಕ್ಕೆ ಹತ್ತರಂತೆ ಬಡ್ಡಿಯೇ ವರ್ಷಕ್ಕೆ 10 ಲಕ್ಷ. ವರ್ಷಕ್ಕೆ 300 ದಿನ ದುಡಿದರೂ ದಿನಕ್ಕೆ 3,333 ರೂಪಾಯಿ ಬಡ್ಡಿಗೇ ಬೇಕು, ಅಸಲು ಬೇರೆ. ಈ ಹುಡುಗ ನಮ್ಮ ಹೋಬಳಿಗೆ ಬಂದು ಜ್ವರಕ್ಕೆ ಮಾತ್ರೆ ಕೊಡುತ್ತಾನೆಯೆ? ಅವನೇ ಸಾಲಗಾರ. ಬೇಡದ ಸ್ಕ್ಯಾನಿಂಗ್, ಬೇಡದ ಆಪರೇಷನ್ ಬರೆಯುವ ಆಸೆಗೆ ಅವನನ್ನು ತಳ್ಳಿದವರು ಸೀಟು ಮಾರಿದವರು. ಅವನ ಸಾಲ ನಮ್ಮ ಸಾಲವಾಗುತ್ತದೆ.

ಹಿಂದೆ ಹಳ್ಳಿಗಳಲ್ಲಿ ಎಲ್.ಎಂ.ಪಿ. ಡಾಕ್ಟರು ಇರುತ್ತಿದ್ದರು. 1946ರ ಭೋರ್ ಸಮಿತಿಯ ವರದಿ ಬಂದಾಗ ದೇಶದ ಸುಮಾರು 47 ಸಾವಿರ ಡಾಕ್ಟರಲ್ಲಿ ಹತ್ತಿರಹತ್ತಿರ 30 ಸಾವಿರ ಮಂದಿ ಅಂಥವರೇ. ಸಮಿತಿ ಆ ಕೋರ್ಸು ನಿಲ್ಲಿಸಿ ಎಲ್ಲರಿಗೂ ಒಂದೇ ಡಿಗ್ರಿ ಇರಲಿ ಎಂದಿತು; ಕೆಲವು ಸದಸ್ಯರು ಒಪ್ಪಲಿಲ್ಲ. ಹಳ್ಳಿಗೆ ಅರ್ಧ ಡಾಕ್ಟರು ಸಾಕು ಅಂತ ನಾನು ಹೇಳುತ್ತಿಲ್ಲ. ಅದೇ ಸಮಿತಿ, ಹಣ ಕೊಡಲಾರದವನಿಗೂ ಚಿಕಿತ್ಸೆ ಸಿಗಬೇಕು ಎಂದೂ ಹೇಳಿತ್ತು. ಮೊದಲನೆಯದು ಬೇಗ ಜಾರಿಯಾಯಿತು, ಎರಡನೆಯದು ಕಾಗದದಲ್ಲಿ ಉಳಿಯಿತು.

ಇವತ್ತಿನ ನಿಯಮದ ಪ್ರಕಾರ ಬಯಲುಸೀಮೆಯಲ್ಲಿ 30,000 ಜನಕ್ಕೆ, ಗುಡ್ಡಗಾಡಿನಲ್ಲಿ 20,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ. ಕಟ್ಟಡ ಇದೆ, ಬೋರ್ಡಿದೆ. ಎಷ್ಟೋ ಕಡೆ ಕುರ್ಚಿ ಖಾಲಿ. ಓದು ಮುಗಿಸಿದವರು ಒಂದು ವರ್ಷ ಸರ್ಕಾರಿ ಸೇವೆ ಮಾಡಬೇಕೆಂದು 2012ರ ಕಾನೂನು ಹೇಳಿತು. ಶಿಕ್ಷೆಯೆಂದು ಬಂದವರು ದಿನ ಎಣಿಸುತ್ತಾರೆ, ಊರಿನ ನಾಡಿ ಹಿಡಿಯುವುದಿಲ್ಲ.

ಸಹಕಾರಿ ಸಂಘದ ರೈತರಿಗೆ 2003ರಿಂದ ಯಶಸ್ವಿನಿ ನಡೆಯಿತು. ಮೊದಲಿಗೆ ತಿಂಗಳಿಗೆ ಐದೇ ರೂಪಾಯಿ. 2018ರಲ್ಲಿ ನಿಂತಿತು, ಆಮೇಲೆ ಮತ್ತೆ ಬಂತು. ಒಳ್ಳೆಯದೇ. ಆದರೆ ಕಾರ್ಡು ಆಪರೇಷನ್ನಿನ ಬಿಲ್ಲು ತೀರಿಸಬಹುದು, ರಾತ್ರಿ ಹಾವು ಕಚ್ಚಿದವನಿಗೆ ಡಾಕ್ಟರನ್ನು ತಂದುಕೊಡಲಾರದು.

ಹಾಗಾದರೆ ಏನು ಕೇಳಬೇಕು? ಒಂದು: ಹಳ್ಳಿ ಶಾಲೆಯಲ್ಲಿ ಓದಿದವರಿಗೆ 15ರಷ್ಟು ಶೇಕಡಾ ಮೀಸಲಾತಿ ರಾಜ್ಯದಲ್ಲಿದೆ. ಆ ಮಕ್ಕಳ ಪೂರ್ತಿ ಓದಿನ ಖರ್ಚು ಸರ್ಕಾರ ಹೊರಲಿ. ಅವರು ಸ್ವಂತ ತಾಲ್ಲೂಕಿನಲ್ಲಿ ಕೆಲವು ವರ್ಷ ದುಡಿಯಲಿ, ಮನೆ ಮತ್ತು ನರ್ಸು ಸಮೇತ. ಎರಡು: ಆಸ್ಪತ್ರೆ ಖರ್ಚು ಬೆಲೆ ಲೆಕ್ಕಕ್ಕೆ ಸೇರಲಿ. ಮೂರು: ಪ್ರತಿ ಗ್ರಾಮಸಭೆಯಲ್ಲಿ ಆರೋಗ್ಯ ಕೇಂದ್ರದ ಹಾಜರಿ ಪುಸ್ತಕ ಓದಿಸಿ.

1980ರಲ್ಲಿ ನರಗುಂದ, ನವಲಗುಂದದ ರೈತ ಕೇಳಿದ್ದು ಒಂದೇ ಪ್ರಶ್ನೆ: ಸರಿಯಾಗಿ ಬಾರದ ನೀರಿಗೆ ಅಭಿವೃದ್ಧಿ ಕರ ಯಾಕೆ? ಬೆಂಕಿಪೊಟ್ಟಣದಿಂದ ಟ್ರ್ಯಾಕ್ಟರ್ ಟೈರಿನವರೆಗೆ ತೆರಿಗೆ ಕೊಡುವವರು ನಾವು. ಆ ದುಡ್ಡಿನಲ್ಲಿ ಸರ್ಕಾರಿ ಕಾಲೇಜು ನಡೆಯುತ್ತದೆ. ಬಾರದ ಡಾಕ್ಟರಿಗೆ ತೆರಿಗೆ ಯಾಕೆ ಅಂತ ನಾವೂ ಕೇಳೋಣ. ಮುಂದಿನ ಗ್ರಾಮಸಭೆಯಲ್ಲೇ ಕೇಳೋಣ.