ಮಗಳ ರೆಪ್ಪೆಯ ಕೆಂಪು ಗಂಟು

ನಾನು ಡಾಕ್ಟರಲ್ಲ, ಎಂಟೆಕ್ ಮಾಡಿ ಐಟಿಯಲ್ಲಿರುವವಳು. ಮಗಳಿಗೆ ಮೂರು ವಾರವಾದಾಗ ರೆಪ್ಪೆಯ ಮೇಲೊಂದು ಕೆಂಪು ಚುಕ್ಕೆ ಕಂಡಿತು. "ಗ್ರಹಣದ ದಿನ ಹೊರಗೆ ಹೋಗಿದ್ದೆಯಲ್ಲ" ಎಂದರು ನಮ್ಮತ್ತೆ. ಎರಡು ತಿಂಗಳಲ್ಲಿ ಅದು ಉಬ್ಬಿ ಕಣ್ಣು ಅರ್ಧ ಮುಚ್ಚಿತು. ಎಂಟೆಕ್ ಇದ್ದರೇನು, ಒಳಗೊಳಗೇ ನಾನೂ ನಂಬತೊಡಗಿದ್ದೆ!

ಚರ್ಮದ ಡಾಕ್ಟರು ಇದು ಹೆಮಾಂಜಿಯೋಮಾ ಎಂದರು. ಹೊಸ ರಕ್ತನಾಳಗಳು ಅತಿಯಾಗಿ ಬೆಳೆದು ಗಂಟಾಗುವುದು, ತಾಯಿಯ ತಪ್ಪಲ್ಲ. ಮೊದಲ ತಿಂಗಳುಗಳಲ್ಲಿ ಬೇಗ ಬೆಳೆದು, ಆಮೇಲೆ ವರ್ಷಗಟ್ಟಲೆ ತಾನೇ ಕುಗ್ಗುತ್ತದೆ. ಆದರೆ ರೆಪ್ಪೆಯ ಮೇಲಿದ್ದರೆ ಕಾಯುವಂತಿಲ್ಲ, ದೃಷ್ಟಿಗೇ ಕುತ್ತು. ಕೊಟ್ಟದ್ದು ಪ್ರೊಪ್ರನೊಲಾಲ್, ಹೃದಯದ ಔಷಧಿ! ಫ್ರಾನ್ಸಿನ ಬೋರ್ಡೋದಲ್ಲಿ ಹೃದಯದ ತೊಂದರೆಗೆಂದು ಕೊಟ್ಟಾಗ ಮಗುವಿನ ಗಂಟೂ ಕುಗ್ಗಿದ್ದನ್ನು ಕಂಡ ವೈದ್ಯರು 2008ರಲ್ಲಿ ಪ್ರಕಟಿಸಿದರಂತೆ. ಡಾಕ್ಟರ ನಿಗಾದಲ್ಲಿ, ಹಾಲು ಕುಡಿಸಿಯೇ ಕೊಡಬೇಕು. ಇಲ್ಲದಿದ್ದರೆ ರಕ್ತದ ಸಕ್ಕರೆ ಇಳಿಯಬಹುದು.

ನಾನು ಆಫೀಸಿಗೆ ಹೋದಾಗ ಗಡಿಯಾರ ನೋಡಿಕೊಂಡು ಕೊಡುತ್ತಿದ್ದವರು ಅತ್ತೆಯೇ.